ದಪ್ಪ ನೂಲಿನ ಕಾರ್ಡಿಗನ್: ಮೈಯಳತೆಗೆ ತಕ್ಕ ಹೆಣಿಗೆಯ ಲೆಕ್ಕ

ಸಿರುಗುಪ್ಪ: ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ತುಂಗಭದ್ರಾ ತೀರದ ಈ ಭತ್ತದ ಸೀಮೆಯಲ್ಲಿ ಉಣ್ಣೆಯ ಉಡುಪು ಬೇಕೆನಿಸುವುದು ವರ್ಷದಲ್ಲಿ ಕೆಲವೇ ವಾರ. ಡಿಸೆಂಬರ್, ಜನವರಿಯ ಮುಂಜಾವಿನ ಚಳಿಗೆ ತೊಟ್ಟು, ಬಿಸಿಲೇರುತ್ತಲೇ ಗುಂಡಿ ಬಿಚ್ಚಿ ಕಳಚಿಡಬಹುದಾದ ಕಾರ್ಡಿಗನ್ ಇಲ್ಲಿನ ಹವೆಗೆ ಅನುಕೂಲಕರ. ಆದರೆ ಹೆಣಿಗೆ ಪುಸ್ತಕದ ವಿನ್ಯಾಸ ಪ್ರತಿಯೊಬ್ಬರ ಮೈಗೂ ಒಪ್ಪುವುದಿಲ್ಲ. ಅದನ್ನು ಯಥಾವತ್ತಾಗಿ ಅನುಸರಿಸಿದರೆ ವಾರಗಟ್ಟಲೆ ಶ್ರಮವೂ ನೂಲಿನ ಹಣವೂ ವ್ಯರ್ಥವಾಗಬಹುದು. ಸರಳ ಲೆಕ್ಕದಿಂದ ಇದನ್ನು ತಪ್ಪಿಸಬಹುದು.

ಹೆಸರಿನ ಹಿನ್ನೆಲೆ

ಮುಂಭಾಗ ತೆರೆದ ಈ ಸ್ವೆಟರ್‌ಗೆ ಹೆಸರು ಬಂದುದು ಬ್ರಿಟನ್ನಿನ ಏಳನೆಯ ಅರ್ಲ್ ಆಫ್ ಕಾರ್ಡಿಗನ್ ಜೇಮ್ಸ್ ಬ್ರೂಡೆನೆಲ್ ಅವರಿಂದ. 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವಾ ಕದನದಲ್ಲಿ ಲಘು ಅಶ್ವದಳವನ್ನು ಮುನ್ನಡೆಸಿದ ಸೇನಾಧಿಕಾರಿ ಅವರು.

ಯಾವ ನೂಲು?

ಬಳ್ಳಾರಿ ತಳಿಯ ಕುರಿಗೆ ಹೆಸರಾದ ಜಿಲ್ಲೆಯಿದು. ಆದರೆ ಈ ಕುರಿಯ ಉಣ್ಣೆ ಒರಟು. ಹುಣಸೆ ಬೀಜದ ಗಂಜಿ ಹಾಕಿ ನೇಯುವ ಕಂಬಳಿಗೆ ಅದು ಹೇಳಿ ಮಾಡಿಸಿದಂತಿದೆ. ಮೈಗೆ ತಾಗುವ ಸ್ವೆಟರ್‌ಗೆ ಚುಚ್ಚುತ್ತದೆ. ಹೀಗಾಗಿ ಮೆದು ಉಣ್ಣೆ, ಅಕ್ರಿಲಿಕ್ ಅಥವಾ ಇವೆರಡರ ಮಿಶ್ರ ನೂಲು ಸೂಕ್ತ. ದಪ್ಪ ನೂಲಿಗೆ ಸಾಮಾನ್ಯವಾಗಿ 5.5ರಿಂದ 8 ಮಿ.ಮೀ. ಕಡ್ಡಿ ಬಳಸುತ್ತಾರೆ; 10 ಸೆಂ.ಮೀ. ಅಗಲಕ್ಕೆ 12ರಿಂದ 15 ಕುಣಿಕೆ ಬರುತ್ತವೆ. ಒಂದೇ ಬಣ್ಣವಾದರೂ ಬೇರೆ ಬೇರೆ ಸಲ ಅದ್ದಿದ ನೂಲಿನ ಛಾಯೆ ವ್ಯತ್ಯಾಸವಾಗುವುದರಿಂದ, ಒಂದೇ ಲಾಟ್ ಸಂಖ್ಯೆಯ ಉಂಡೆಗಳನ್ನು ಒಮ್ಮೆಗೇ ಕೊಳ್ಳುವುದು ಕ್ಷೇಮ.

ಮಾದರಿ ತುಣುಕು

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಸಿದ್ಧ ಬಟ್ಟೆಯನ್ನು ಕತ್ತರಿಸಿ ಹೊಲಿಯುತ್ತಾರೆ. ಹೆಣಿಗೆಯಲ್ಲಿ ಬಟ್ಟೆಯೂ ಆಕಾರವೂ ಒಟ್ಟಿಗೇ ರೂಪುಗೊಳ್ಳುತ್ತವೆ. ಇಲ್ಲಿ ಅಳತೆಯನ್ನು ನಿರ್ಧರಿಸುವುದು ಕುಣಿಕೆಗಳ ಸಂಖ್ಯೆ. ಆದ್ದರಿಂದ ಮೊದಲು 15 ಸೆಂ.ಮೀ. ಚೌಕದ ತುಣುಕೊಂದನ್ನು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಇವೆಯೆಂದು ಎಣಿಸಬೇಕು.

ಉದಾಹರಣೆಗೆ 14 ಕುಣಿಕೆ, 20 ಸಾಲು ಬಂದಿವೆ ಎಂದಿಟ್ಟುಕೊಳ್ಳೋಣ. ಎದೆಯ ಸುತ್ತಳತೆ 92 ಸೆಂ.ಮೀ. ಒಳಗೆ ಅಂಗಿ ತೊಡಲು 10 ಸೆಂ.ಮೀ. ಸಡಿಲ ಸೇರಿಸಿದರೆ 102. ಬೆನ್ನಿನ ಭಾಗಕ್ಕೆ ಇದರ ಅರ್ಧ, ಅಂದರೆ 51 ಸೆಂ.ಮೀ. 14ರಿಂದ ಗುಣಿಸಿ 10ರಿಂದ ಭಾಗಿಸಿದರೆ 71.4, ಸಮಸಂಖ್ಯೆಯಾಗಿ 72 ಕುಣಿಕೆ. ಪಕ್ಕದ ಜೋಡಣೆಗೆ ಎರಡು ಸೇರಿಸಿದರೆ 74.

ಕೈ ಬಿಗಿಯಾಗಿ 10 ಸೆಂ.ಮೀ.ಗೆ 16 ಕುಣಿಕೆ ಬಂದರೆ ಅದೇ 72 ಕುಣಿಕೆಗಳು ಕೇವಲ 45 ಸೆಂ.ಮೀ. ಆಗುತ್ತವೆ. ಮುಂಭಾಗವೂ ಅದೇ ಅನುಪಾತದಲ್ಲಿ ಕುಗ್ಗಿ ಉಡುಪಿನ ಸುತ್ತಳತೆ 90 ಸೆಂ.ಮೀ.ಗೆ ಇಳಿಯುತ್ತದೆ. ಅಂದರೆ ಎದೆಗಿಂತ 2 ಸೆಂ.ಮೀ. ಕಡಿಮೆ, ಗುಂಡಿ ಹಾಕುವುದೇ ಕಷ್ಟ. ಹೀಗಾದಾಗ ದೊಡ್ಡ ಕಡ್ಡಿ ಹಿಡಿದು ಮತ್ತೊಂದು ತುಣುಕು ಹೆಣೆದು ನೋಡಬೇಕು.

ಮುಂಭಾಗ ಮತ್ತು ಗುಂಡಿಪಟ್ಟಿ

ಎರಡು ಬದಿಯ ಗುಂಡಿಪಟ್ಟಿಗಳು ಒಂದರ ಮೇಲೊಂದು ಕೂರುವುದರಿಂದ ಪಟ್ಟಿಯ ಅಗಲವನ್ನು ಒಮ್ಮೆ ಮಾತ್ರ ಕಳೆಯಬೇಕು. 51ರಲ್ಲಿ 5 ಸೆಂ.ಮೀ. ಪಟ್ಟಿ ಕಳೆದರೆ 46; ಒಂದೊಂದು ಬದಿಗೆ 23 ಸೆಂ.ಮೀ., ಅಂದರೆ 32 ಕುಣಿಕೆ. ಪಕ್ಕದ ಜೋಡಣೆಗೆ ಒಂದು ಹೆಚ್ಚು. ಹೊಟ್ಟೆಯ ಸುತ್ತಳತೆ ಎದೆಗಿಂತ ಹೆಚ್ಚಿದ್ದವರು ಕೆಳ ಅಂಚಿನಲ್ಲಿ ಹೊಟ್ಟೆಯ ಅಳತೆಗೆ ಕುಣಿಕೆ ಹಾಕಿ, ಮೇಲೇರುತ್ತ ಪಕ್ಕದಲ್ಲಿ ಕಡಿಮೆ ಮಾಡಿಕೊಳ್ಳಬೇಕು.

ತೋಳಿನ ಉದ್ದ

ಸಿದ್ಧ ವಿನ್ಯಾಸಗಳಲ್ಲಿ ಹೆಚ್ಚಾಗಿ ತಪ್ಪುವುದು ತೋಳು. ಮಣಿಕಟ್ಟಿನಲ್ಲಿ 30, ಮೇಲ್ತೋಳಿನಲ್ಲಿ 54 ಕುಣಿಕೆ ಬೇಕಿದ್ದರೆ ಹೆಚ್ಚಿಸಬೇಕಾದದ್ದು 24. ಸಲಕ್ಕೆ ಎರಡರಂತೆ 12 ಸಲ. ವಿನ್ಯಾಸದಲ್ಲಿ ತೋಳು 44 ಸೆಂ.ಮೀ., ಅಂದರೆ 88 ಸಾಲು ಇದ್ದು, ಮಣಿಕಟ್ಟಿನ ಪಟ್ಟಿಗೆ 8 ಸಾಲು, ಪ್ರತಿ 6 ಸಾಲಿಗೊಮ್ಮೆ ಹೆಚ್ಚಿಸಲು 72 ಸಾಲು ಹೋದರೆ ಕೊನೆಗೆ 8 ಸಾಲು ನೇರವಾಗಿ ಉಳಿಯುತ್ತವೆ. ತೋಳು 4 ಸೆಂ.ಮೀ. ಗಿಡ್ಡವಿದ್ದವರು ಆ 8 ಸಾಲನ್ನು ಬಿಟ್ಟರೆ ಸಾಕು, ಅಗಲ ಕೆಡುವುದಿಲ್ಲ.

ಆರೈಕೆ

ದಪ್ಪ ಹೆಣಿಗೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ತೂಗುಹಾಕದೆ ಮಡಚಿಡಬೇಕು, ಒಗೆದ ಮೇಲೆ ನೆರಳಿನಲ್ಲಿ ಹಾಸಿ ಒಣಗಿಸಬೇಕು. ಶುದ್ಧ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಗಂಟುಗಟ್ಟಿ ಕುಗ್ಗುತ್ತದೆ. ಅಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿದರೆ ಹಿಗ್ಗಿ ಕುಗ್ಗುವ ಗುಣವೇ ಹೋಗಿ ಬಟ್ಟೆ ಸೋತುಹೋಗುತ್ತದೆ.

ಲೆಕ್ಕ ತಪ್ಪಿದರೂ ಎಲ್ಲವೂ ಮುಗಿದಂತಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಒಂದಾಗದು. ಹೆಣಿಗೆಯನ್ನು ಬಿಚ್ಚಿ, ನೂಲನ್ನು ಲಡಿ ಸುತ್ತಿ ತೊಳೆದು ಒಣಗಿಸಿದರೆ ಅದರ ಸುಕ್ಕು ಹೋಗುತ್ತದೆ. ದೊಡ್ಡ ಮಗುವಿಗೆ ಚಿಕ್ಕದಾದ ಸ್ವೆಟರ್ ಬಿಚ್ಚಿ ಕಿರಿಯ ಮಗುವಿಗೆ ಹೆಣೆದ ತಾಯಂದಿರಿಗೆ ಇದು ಹೊಸ ಮಾತೇನಲ್ಲ.