ಚಪ್ಪಲಿ ಹಾಕ್ಕೊಂಡು ರುಬ್ಬಿದ ಕಾಲ

"ಗ್ರೈಂಡರು ಚುರ್ ಅಂತೈತೆ, ಚಪ್ಪಲಿ ಹಾಕ್ಕೊಂಡು ರುಬ್ಬವ್ವಾ."

ಹೊಸದುರ್ಗದ ಕಡೆಯಿಂದ ಹೊಳಲ್ಕೆರೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಅಡಿಗೆಮನೇಲಿ ಹೇಳಿಕೊಟ್ಟ ಮೊದಲ ಪಾಠ ಇದು. ಒಳಗೆ ಚಪ್ಪಲಿ ತಂದ್ರೆ ಬೈಯೋ ಅತ್ತೆ, ಗ್ರೈಂಡರಿಗೆ ಅಂತ್ಲೇ ಒಂದು ಜೊತೆ ಹವಾಯಿ ಚಪ್ಪಲಿ ಬಾಗಿಲ ಸಂದೀಲಿ ಇಟ್ಟಿದ್ರು. ನಿಮ್ಮನೇಲೂ ಇಂಥದ್ದೊಂದು ಜೊತೆ ಇದ್ದಿರಬೇಕು, ನೆನಪು ಮಾಡ್ಕಳ್ರಿ.

ಆ ಚಪ್ಪಲಿ ಯಾಕೆ ಬೇಕಾಯ್ತು ಅಂತ ಹುಡುಕ್ತಾ ಹೋದ್ರೆ, ಅದು ನಮ್ ಮನೆಗಳಿಗೆ ಕರೆಂಟು ಬಂದ ಕತೇನೇ ಆಗ್ತೈತೆ.

ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಯ್ತು. ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿ ದೀಪಕ್ಕೆ. ಹಳ್ಳಿಗಳಿಗೆ ಕಂಬ ಬಂದಿದ್ದು ಹೆಚ್ಚಾಗಿ 1957ರಲ್ಲಿ ವಿದ್ಯುತ್ ಮಂಡಳಿ ಆದ ಮೇಲೆ. ಈಗ ಬೆಸ್ಕಾಂ ಆಗಿದ್ರೂ ನಮ್ ಬಾಯಲ್ಲಿ ಅದು ಕೆಇಬಿಯೇ.

ನನ್ ತವರಿಗೆ ಕರೆಂಟು ಬಂದಾಗ ನಾನು ಮೂರನೇ ಕ್ಲಾಸು. ಗೋಡೆ ಮೇಲೆ ಮರದ ಪಟ್ಟಿ, ಅದರ ಮೇಲೆ ಎರಡು ವೈರು, ಬಾಗಿಲ ಪಕ್ಕ ದುಂಡನೆ ಕರಿ ಸ್ವಿಚ್ಚು. ನಡುಮನೇಗೆ ಒಂದು ಬಲ್ಬು, ಅಡಿಗೆಮನೇಗೆ ಒಂದು. ಎಣ್ಣೆ ಬುಡ್ಡಿ ಹೊಗೆ ತಪ್ತಲ್ಲ, ಅಷ್ಟೇ ಸಂತೋಷ. ವೈರಿಂಗ್ ಮಾಡಿದ್ದು ದೀಪಕ್ಕೆ ಅಂತ. ಬೇರೇನು ಬೇಕು ಅಂತ ಯಾರೂ ಕೇಳ್ಲಿಲ್ಲ.

ಆಮೇಲೆ ಒಂದೊಂದೇ ಬಂತು. ರೇಡಿಯೋ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಟೀವಿ, ಮಿಕ್ಸಿ, ಗ್ರೈಂಡರು, ಫ್ರಿಜ್ಜು, ಗೀಸರು. 40 ವ್ಯಾಟಿನ ಬಲ್ಬಿಗೆ ಹಾಕಿದ ವೈರಿಗೆ 2000 ವ್ಯಾಟಿನ ಗೀಸರು ಕಟ್ಟಿದ್ರೆ, 50 ಬಲ್ಬು ಒಟ್ಟಿಗೆ ಹಚ್ಚಿದಂಗೆ. ನಮ್ ಸಣ್ಣ ಸಾಕೆಟ್ಟು ತಡಿಯೋದು 6 ಆಂಪು, ಆ ಗೀಸರು ಎಳಿಯೋದು ಹತ್ರತ್ರ 9. ಸಾಕೆಟ್ಟು ಕರ್ರಗಾಗೋದು, ಸುಟ್ಟ ವಾಸನೆ ಬರೋದು, ಸ್ವಿಚ್ಚು ಚಿಟಿಚಿಟಿ ಅನ್ನೋದು ಇದಕ್ಕೇ. ಫ್ಯೂಸು ಪದೇ ಪದೇ ಹೋಗ್ತೈತೆ ಅಂತ ನಮ್ಮಾವ ದಪ್ಪ ತಂತಿ ಸುತ್ತಿಬಿಟ್ಟಿದ್ರು. ಫ್ಯೂಸು ಉಳೀತು, ಒಳಗೆ ವೈರು ಬೇಯ್ತಿತ್ತು.

ಇನ್ನು ಚಪ್ಪಲಿ ಮಾತಿಗೆ ಬರ್ತೀನಿ. ಮೂರು ಕಡ್ಡಿ ಪಿನ್ನಿನಲ್ಲಿ ಮೇಲಿಂದು ಯಾಕೆ ಉದ್ದ, ದಪ್ಪ? ಅದು ಅರ್ಥಿಂದು. ಉದ್ದ ಇರೋದ್ರಿಂದ ಎಲ್ಲಕ್ಕಿಂತ ಮೊದಲು ಸೇರಿ ಕೊನೇಗೆ ಬಿಡ್ತೈತೆ, ದಪ್ಪ ಇರೋದ್ರಿಂದ ಬೇರೆ ತೂತಿಗೆ ಹೋಗಲ್ಲ. ಇದು ಬ್ರಿಟಿಷರ 1934ರ ಅಳತೆ. 1947ರಲ್ಲಿ ಅವರು ಚೌಕ ಕಡ್ಡಿಯ ಹೊಸ ಅಳತೆ ತಂದ್ರು, ನಾವು ದುಂಡು ಕಡ್ಡೀನೇ ಉಳಿಸ್ಕೊಂಡ್ವಿ. ಮಿಷನ್ ಮೈಗೆ ಕರೆಂಟು ಸೋರಿದ್ರೆ ಅರ್ಥ್ ವೈರು ಅದನ್ನ ಭೂಮಿಗೆ ಇಳಿಸ್ಬೇಕು. ಆ ವೈರೇ ಇಲ್ದಿದ್ರೆ ಅದು ನಮ್ ಮೈ ಮೇಲಿಂದ ಇಳೀತೈತೆ.

ನಮ್ ಮಗಳು ಬಾಣಂತನಕ್ಕೆ ಬಂದಿದ್ಲು. ಒಂದಿನ ಬರಿಗಾಲಲ್ಲಿ, ಕೂಸನ್ನ ಕಂಕುಳಲ್ಲಿ ಇಟ್ಕೊಂಡೇ ಗ್ರೈಂಡರ್ ಮುಚ್ಚಳ ಸರಿ ಮಾಡೋಕೆ ಹೋದ್ಲು. ಕಿಟಾರ್ ಅಂತ ಕಿರುಚಿ ಹಿಂದಕ್ಕೆ ಬಿದ್ಲು. ದೇವರು ದೊಡ್ಡವನು, ಕೂಸಿಗೂ ಅವಳಿಗೂ ಏನೂ ಆಗ್ಲಿಲ್ಲ. ಮಾರನೇ ದಿನ ಎಲೆಕ್ಟ್ರಿಶಿಯನ್ ಹುಡುಗ ಬೋರ್ಡು ಬಿಚ್ಚಿ, "ಅಮ್ಮಾ, ತೂತು ಮೂರು ಐತೆ, ವೈರು ಎರಡೇ ಐತೆ" ಅಂದ. ಅಷ್ಟು ವರ್ಷ ಆ ಮೇಲಿನ ತೂತು ಖಾಲಿ! ಅತ್ತೆ ತಮಗೆ ಗೊತ್ತಿದ್ದನ್ನ ಹೇಳಿದ್ರು, ನಾನು ಅದನ್ನೇ ಮಗಳಿಗೆ ಹೇಳಿದ್ದೆ. ಚುರ್ ಅನ್ನೋದು ಯಾಕೆ ಅಂತ ಇಬ್ರೂ ಕೇಳಿರ್ಲಿಲ್ಲ.

ಹೊಸ ವೈರು ಹಾಕ್ಸಿ, ಹಿತ್ತಲಲ್ಲಿ ಅರ್ಥ್ ಗುಂಡಿ ತೆಗಿಸಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿಸಿದ್ವಿ. ನಮ್ದು ಬರದ ಸೀಮೆ. ಹಿರಿಯೂರಿನ ಕಡೆ ಇನ್ನೂ ಒಣ. ನೆಲ ಒಣಗಿದ್ರೆ ಅರ್ಥ್ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೇ ಬೇಸಿಗೇಲಿ ಆ ಪೈಪಿಗೆ ಆಗಾಗ ನೀರು ಹುಯ್ತೀನಿ, ತುಳಸಿ ಗಿಡಕ್ಕೆ ಹುಯ್ದಂಗೆ. ಮೇನ್ ಹತ್ರ 30 ಮಿಲಿಆಂಪಿನ ಇಎಲ್‌ಸಿಬಿ ಹಾಕ್ಸೀವಿ. ಕರೆಂಟು ಸೋರಿದ್ರೆ ತಾನೇ ಬಿದ್ಕೊಳ್ತೈತೆ. ಅದರ ಟೆಸ್ಟ್ ಗುಂಡಿ ತಿಂಗಳಿಗೊಮ್ಮೆ ಒತ್ತಿ ನೋಡ್ತೀನಿ.

ಅಕ್ಕಂದಿರೇ, ಸಾಕೆಟ್ಟು ಬಿಸಿ ಆದ್ರೆ, ಅಲ್ಲಾಡಿದ್ರೆ, ಕರ್ರಗಾದ್ರೆ ಬಳಸ್ಬೇಡ್ರಿ. ಬಿಚ್ಚೋಕೆ ಮುಂಚೆ ಮೇನ್ ಆಫ್ ಮಾಡಿಸ್ರಿ, ಬರೀ ಸ್ವಿಚ್ಚು ನಂಬ್ಬೇಡ್ರಿ. ಹಳೆ ವೈರಿಂಗಲ್ಲಿ ಸ್ವಿಚ್ಚು ಆಫ್ ಇದ್ರೂ ಒಳಗೆ ಕರೆಂಟು ಇರಬಹುದು. ಮೂರನೇ ಕಡ್ಡಿ ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕೋದು ಬ್ಯಾಡವೇ ಬ್ಯಾಡ.

ಆ ಹವಾಯಿ ಚಪ್ಪಲಿ ಈಗ ಹಿತ್ತಲಿಗೆ ಹೋಗೈತೆ. ಅರ್ಥ್ ಗುಂಡಿಗೆ ನೀರು ಹುಯ್ಯೋಕೆ ಹೋಗುವಾಗ ಮೆಟ್ಕೊಂಡು ಹೋಗ್ತೀನಿ.