ಸೀನಿಗೆ ಮರುಮಾತು: ವಿನಯಪಿಟಕದ ಒಂದು ತೀರ್ಪಿನ ಹಿನ್ನೆಲೆಯಲ್ಲಿ

ಸೀನಿದವರನ್ನು ಹರಸುವ ಪದ್ಧತಿ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಯುರೋಪಿನಲ್ಲಿ ಬಹುಕಾಲ ಒಂದು ಸಿದ್ಧ ಉತ್ತರವಿತ್ತು. ಕ್ರಿ.ಶ. 590ರಲ್ಲಿ ರೋಮ್ ನಗರಕ್ಕೆ ಪ್ಲೇಗು ಬಡಿದಾಗ, ಸೀನುವವರನ್ನು ದೇವರ ಹೆಸರಿನಲ್ಲಿ ಹರಸಿರೆಂದು ಪೋಪ್ ಒಂದನೆಯ ಗ್ರೆಗೊರಿ ಅಪ್ಪಣೆ ಮಾಡಿದನಂತೆ. ಈ ಕಥೆ ನಿಲ್ಲುವುದಿಲ್ಲ. ಕ್ರಿ.ಶ. 79ರಲ್ಲೇ ತೀರಿಕೊಂಡ ರೋಮನ್ ಲೇಖಕ ಪ್ಲಿನಿ, ಸೀನಿದವರಿಗೆ ನಾವೇಕೆ ಶುಭ ಕೋರುತ್ತೇವೆ ಎಂದು ಕೇಳಿದ್ದಾನೆ. ಚಕ್ರವರ್ತಿ ಟೈಬೀರಿಯಸ್ ಗಾಡಿಯಲ್ಲಿ ಹೋಗುವಾಗಲೂ ಈ ಉಪಚಾರವನ್ನು ಬಯಸುತ್ತಿದ್ದನೆಂದು ಬರೆದಿಟ್ಟಿದ್ದಾನೆ. 1871ರಲ್ಲಿ ಇ. ಬಿ. ಟೈಲರ್ ‘ಪ್ರಿಮಿಟಿವ್ ಕಲ್ಚರ್’ ಗ್ರಂಥದಲ್ಲಿ ಇನ್ನೊಂದು ವಿವರಣೆ ಕೊಟ್ಟ. ಸೀನುವಾಗ ಭೂತಗಳು ದೇಹವನ್ನು ಹೊಗುತ್ತವೆ ಅಥವಾ ಬಿಟ್ಟುಹೋಗುತ್ತವೆ ಎಂಬ ನಂಬಿಕೆ ಮೊದಲಿತ್ತು; ಅದು ಅಳಿದ ಮೇಲೂ ಹಾರೈಕೆಯ ಮಾತು ಮಾತ್ರ ಅರ್ಥ ಕಳೆದುಕೊಂಡು ಉಳಿಯಿತು ಎಂಬುದು ಅವನ ವಾದ.

ಮೊದಲು ನಂಬಿಕೆ, ಆಮೇಲೆ ಬರಿಯ ಮರ್ಯಾದೆ ಎಂಬ ಈ ಕಾಲಕ್ರಮವನ್ನು ಪಾಲಿ ಗ್ರಂಥಗಳ ಒಂದು ಪ್ರಕರಣದ ಎದುರು ಇಟ್ಟು ನೋಡಬೇಕೆನಿಸುತ್ತದೆ. ನಂಬಿಕೆಯೂ ಮರ್ಯಾದೆಯೂ ನಮಗೆ ಸಿಗುವ ಹಳೆಯ ದಾಖಲೆಗಳಲ್ಲೇ ಜೊತೆಗಿವೆ. ಪದ್ಧತಿಯನ್ನು ಬಾಳಿಸಿದ್ದು ಸೀನಿದವನ ಭಯಕ್ಕಿಂತ ಹೆಚ್ಚಾಗಿ ಕೇಳಿಸಿಕೊಂಡವನ ಮೇಲೆ ಬೀಳುವ ಹೊಣೆ.

ಪ್ರಕರಣ ಇರುವುದು ವಿನಯಪಿಟಕದ ಚುಲ್ಲವಗ್ಗದ ಐದನೆಯ ಖಂಧಕದಲ್ಲಿ. ಸ್ನಾನ, ಕೂದಲು, ಕನ್ನಡಿ, ಹಲ್ಲುಕಡ್ಡಿ ಮೊದಲಾದ ಚಿಲ್ಲರೆ ವಿಷಯಗಳ ಅಧ್ಯಾಯ ಅದು. ಲೋಕಾಯತವನ್ನೂ ಹೀನವಿದ್ಯೆಗಳನ್ನೂ ಭಿಕ್ಷುಗಳು ಕಲಿಯಕೂಡದೆಂಬ ನಿಯಮ ಮುಗಿದು, ಬೆಳ್ಳುಳ್ಳಿಯ ನಿಯಮ ಶುರುವಾಗುವ ಮುನ್ನ, ನಡುವೆ ಸೀನು ಬರುತ್ತದೆ. ದೊಡ್ಡ ಪರಿಷತ್ತಿಗೆ ಧರ್ಮ ಬೋಧಿಸುತ್ತಿದ್ದಾಗ ಬುದ್ಧ ಸೀನುತ್ತಾನೆ. ಭಗವಂತ ಬಾಳಲಿ ಎಂದು ಭಿಕ್ಷುಗಳೆಲ್ಲ ಕೂಗುತ್ತಾರೆ. ಗದ್ದಲದಲ್ಲಿ ಉಪದೇಶ ನಿಂತುಹೋಗುತ್ತದೆ. ಸೀನಿದವನಿಗೆ ‘ಬಾಳು’ ಎಂದರೆ ಆ ಮಾತಿನ ಕಾರಣಕ್ಕೆ ಅವನು ಬದುಕುವುದೋ ಸಾಯುವುದೋ ಉಂಟೆ ಎಂದು ಬುದ್ಧ ಕೇಳುತ್ತಾನೆ. ಇಲ್ಲವೆಂದು ಅವರೇ ಒಪ್ಪುತ್ತಾರೆ. ಹಾಗಿದ್ದರೆ ಹೇಳಕೂಡದು, ಹೇಳಿದರೆ ದುಕ್ಕಟ ದೋಷ, ಎಂದರೆ ಸಣ್ಣ ತಪ್ಪು, ಎಂದು ತೀರ್ಪಾಗುತ್ತದೆ.

ತೀರ್ಪಿನ ತೊಂದರೆ ಹೊರಗೆ ಹೋದಾಗ ಕಾಣಿಸುತ್ತದೆ. ಭಿಕ್ಷುಗಳು ಸೀನಿದಾಗ ಗೃಹಸ್ಥರು ‘ಬಾಳಿ ಸ್ವಾಮಿ’ ಎನ್ನುತ್ತಾರೆ. ನಿಯಮಕ್ಕೆ ಅಂಜಿದ ಭಿಕ್ಷುಗಳು ತುಟಿ ಬಿಚ್ಚುವುದಿಲ್ಲ. ಹರಸಿದವರಿಗೆ ಒಂದು ಮರುಮಾತೂ ಇಲ್ಲವೇ ಎಂದು ಜನ ಗೊಣಗುತ್ತಾರೆ. ಗೃಹಸ್ಥರು ಮಂಗಳ-ಅಮಂಗಳ ನೋಡುವವರು, ಅವರು ಬಾಳೆಂದರೆ ನೀವು ‘ಚಿರಂ ಜೀವ’ ಎನ್ನಬಹುದು ಎಂದು ಬುದ್ಧ ಸಡಿಲಿಸುತ್ತಾನೆ. ಎರಡನೆಯ ಮಾತು ಮೊದಲನೆಯದನ್ನು ರದ್ದು ಮಾಡಿತೆಂದು ಓದುವ ರೂಢಿಯುಂಟು. ಅದು ಸರಿಯಲ್ಲ. ಸಿಕ್ಕಿರುವ ಅನುಮತಿ ಮರುಮಾತಿಗೆ ಮಾತ್ರ. ತಾನಾಗಿ ಮೊದಲು ಹರಸುವುದು ಭಿಕ್ಷುವಿಗೆ ಈಗಲೂ ದೋಷವೇ. ಮಾತಿಗೆ ಶಕ್ತಿಯಿದೆಯೆಂಬ ನಂಬಿಕೆಯನ್ನು ತಳ್ಳಿಹಾಕಿ, ಮಾತಾಡಿಸಿದವನಿಗೆ ಉತ್ತರ ಕೊಡಬೇಕೆಂಬ ಹೊಣೆಯನ್ನು ಒಪ್ಪಿಕೊಂಡ ತೀರ್ಪಿದು. ಟೈಲರ್ ಕಾಲದ ಓಟದಲ್ಲಿ ಬೇರೆಯಾದವೆಂದು ಬಗೆದ ಎರಡನ್ನು ಚುಲ್ಲವಗ್ಗ ಒಂದೇ ಪುಟದಲ್ಲಿ ಬಿಡಿಸಿ ಇಟ್ಟಿದೆ.

ಇದೇ ಪ್ರಸಂಗಕ್ಕೆ 155ನೆಯದಾದ ಗಗ್ಗ ಜಾತಕ ಒಂದು ಮೂಲಕಥೆಯನ್ನು ಕಟ್ಟಿದೆ. ಕಾಶಿಯ ಹೊರಗಿನ ಪಾಳು ಛತ್ರವೊಂದರಲ್ಲಿ ತಂದೆ-ಮಗ ರಾತ್ರಿ ತಂಗುತ್ತಾರೆ. ಅಲ್ಲಿನ ಯಕ್ಷ 12 ವರ್ಷ ವೈಶ್ರವಣನ ಸೇವೆ ಮಾಡಿ ಒಂದು ವರ ಪಡೆದಿದ್ದಾನೆ: ಸೀನಿದಾಗ ‘ಬಾಳು’ ಎಂದವರನ್ನೂ ಅದಕ್ಕೆ ಮರುಮಾತು ಕೊಟ್ಟವರನ್ನೂ ಬಿಟ್ಟು ಉಳಿದವರನ್ನು ತಿನ್ನಬಹುದು. ಅವನು ನುಣ್ಣನೆಯ ಪುಡಿ ಉದುರಿಸಿ ತಂದೆಯನ್ನು ಸೀನಿಸುತ್ತಾನೆ. ಮಗ ಹೊತ್ತಿಗೆ ಸರಿಯಾಗಿ 120 ವರ್ಷದ ಆಯುಷ್ಯ ಹಾರೈಸುತ್ತಾನೆ, ತಂದೆಯೂ ಮಗನಿಗೆ ಅದನ್ನೇ ಹಾರೈಸುತ್ತಾನೆ, ಯಕ್ಷ ಹಸಿದೇ ಉಳಿಯುತ್ತಾನೆ. ಭೂತ ಇದೆಯಲ್ಲ, ಟೈಲರನೇ ಗೆದ್ದ ಎನ್ನಬಹುದು. ಆದರೆ ಈ ಯಕ್ಷ ಮೂಗಿನೊಳಗೆ ಹೊಗುವವನಲ್ಲ, ಹೊರಬರುವವನೂ ಅಲ್ಲ. ಮರ್ಯಾದೆ ತಪ್ಪುವವರಿಗಾಗಿ ತೊಲೆಯ ಮೇಲೆ ಕಾದು ಕೂತವನು. ಸೀನು ಅವನಿಗೆ ಬರಿಯ ನೆಪ. ಆಹಾರ ಸಿಗುವುದು ಮೌನದಿಂದ.

ಇಲ್ಲಿ ಹಾರೈಕೆ ಕಿರಿಯನಿಂದ ಹಿರಿಯನ ಕಡೆಗೆ ಹೊರಟು ಹಿಂದಿರುಗುತ್ತದೆ. ನಮ್ಮ ಮನೆಗಳಲ್ಲಿ ದಾರಿ ಒಮ್ಮುಖ. ಕೂಸು ಸೀನಿದರೆ ಅಜ್ಜಿ ‘ನೂರು ವರ್ಷ ಬಾಳು’, ‘ಚಿರಂಜೀವಿಯಾಗು’ ಎನ್ನುತ್ತಾಳೆ. ಅಜ್ಜಿ ಸೀನಿದರೆ ತಾನೇ ‘ಶಿವ ಶಿವ’ ಎಂದೋ ‘ಕೃಷ್ಣ ಕೃಷ್ಣ’ ಎಂದೋ ಮುಗಿಸಿಕೊಳ್ಳುತ್ತಾಳೆ. ಹಿರಿಯರನ್ನು ಕಿರಿಯರು ಹರಸುವುದು ನಮ್ಮಲ್ಲಿ ಸಲ್ಲದು.

ಹಿರಿಯರು ಒಬ್ಬರೇ ನಿಭಾಯಿಸಿಕೊಳ್ಳುವ ಈ ಕ್ರಮಕ್ಕೆ ಧರ್ಮಶಾಸ್ತ್ರದ ಬೆಂಬಲವೂ ಇದೆ. ನಿದ್ದೆ, ಊಟ, ಉಗುಳುವುದು, ಸುಳ್ಳಾಡುವುದು ಇವುಗಳ ಸಾಲಿನಲ್ಲಿ ಸೀನನ್ನೂ ಸೇರಿಸಿ, ಆದ ಮೇಲೆ ಆಚಮನ ಮಾಡಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಪರಾಶರಸ್ಮೃತಿಯ ಪ್ರಕಾರ ಬಲಗಿವಿ ಮುಟ್ಟಿಕೊಂಡರೆ ಸಾಕು. ವಿಜಯನಗರದ ಆರಂಭಕಾಲದಲ್ಲಿ ಮಾಧವಾಚಾರ್ಯರು ವಿಸ್ತಾರವಾದ ವ್ಯಾಖ್ಯಾನ ಬರೆದದ್ದು ಇದೇ ಸ್ಮೃತಿಗೆ. ಇದು ಮೈಲಿಗೆಯ ಲೆಕ್ಕ. ಆಯುಷ್ಯದ ಮಾತು ಇಲ್ಲಿಲ್ಲ. ಪುರಾಣಕ್ಕೆ ಆ ಮುಜುಗರವೂ ಇಲ್ಲ: ವಿಷ್ಣುಪುರಾಣದಲ್ಲಿ ಇಕ್ಷ್ವಾಕು ಹುಟ್ಟುವುದು ಮನು ಸೀನಿದಾಗ ಅವನ ಮೂಗಿನಿಂದ. ರಘುವಂಶದ ಮೂಲಪುರುಷನೇ ಒಂದು ಸೀನಿನ ಸಂತಾನ!

ವೈದ್ಯರ ದಾರಿ ಮತ್ತೂ ಬೇರೆ. ಚರಕಸಂಹಿತೆ ತಡೆಯಬಾರದ 13 ವೇಗಗಳಲ್ಲಿ ಸೀನನ್ನು ಎಣಿಸಿ, ತಡೆದರೆ ಕತ್ತು ಸೆಟೆಯುವುದು, ತಲೆನೋವು, ಮುಖದ ವಾತ ಬರುತ್ತವೆ ಎನ್ನುತ್ತದೆ. ಬಾಯಿ ಮುಚ್ಚಿಕೊಳ್ಳದೆ ಸೀನಬಾರದೆಂದೂ ಹೇಳುತ್ತದೆ. ಬಾರದ ಸೀನನ್ನು ಬರಿಸಲು ಸೂರ್ಯನ ಕಡೆ ನೋಡುವುದು ಅಷ್ಟಾಂಗಹೃದಯದ ಉಪಾಯಗಳಲ್ಲೊಂದು. ಥಟ್ಟನೆ ಬಿಸಿಲಿಗೆ ಬಂದಾಗ ಕೆಲವರಿಗೆ ಸೀನು ಬರುವುದು ವಂಶದಲ್ಲಿ ಹರಿಯುವ ಗುಣವೆಂದು ಇಂದಿನ ವೈದ್ಯವಿಜ್ಞಾನವೂ ಗುರುತಿಸಿದೆ.

ಶಕುನದ ವಿಷಯದಲ್ಲಿ ಸೀನಿದವನೇ ನೇಪಥ್ಯಕ್ಕೆ ಸರಿಯುತ್ತಾನೆ. ಹೊರಟವನಿಗೆ ಒಂಟಿ ಸೀನು ಕೇಳಿಸಿದರೆ ಅಪಶಕುನ. ಒಳಗೆ ಬಂದು ಕೂತು ನೀರು ಕುಡಿದು ಹೊರಡಬೇಕು. ಜೋಡಿ ಸೀನಾದರೆ ಚಿಂತೆಯಿಲ್ಲ. ಹೊಸಿಲಲ್ಲಿ ಮಗು ಸೀನಿದರೆ ಅದೇ ಸದ್ದು ಮಗುವಿಗೆ ಹರಕೆಯನ್ನೂ ಹೊರಟ ಅಪ್ಪನಿಗೆ ತಡೆಯನ್ನೂ ಒಟ್ಟಿಗೇ ತರುತ್ತದೆ. ಗ್ರೀಕರಿಗೆ ಸೀನು ಹೆಚ್ಚಾಗಿ ಶುಭ. ಕ್ರಿ.ಪೂ. 401ರಲ್ಲಿ ಪರ್ಷಿಯನ್ ನೆಲದಲ್ಲಿ ಸಿಕ್ಕಿಬಿದ್ದ ಸೈನಿಕರಿಗೆ ಕ್ಸೆನೊಫೋನ್ ಪಾರಾಗುವ ಮಾತು ಆಡುತ್ತಿದ್ದಾಗ ಯಾರೋ ಸೀನಿದರು. ಎಲ್ಲರೂ ದೇವರಿಗೆ ನಮಿಸಿದರು. ಫಲ ಶುಭವೋ ಅಶುಭವೋ, ಎರಡೂ ಕಡೆ ಅದು ಕೇಳಿದವರ ಪಾಲು.

ಇಸ್ಲಾಮಿನಲ್ಲಿ ಮಾತುಕತೆಯ ಕ್ರಮ ಎಲ್ಲಕ್ಕಿಂತ ಖಚಿತ. ಕರ್ನಾಟಕದ ಮುಸ್ಲಿಮ್ ಮನೆಗಳಲ್ಲೂ ಇದು ನಿತ್ಯದ್ದು: ಸೀನಿದವರು ‘ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತಾರೆ, ಕೇಳಿದವರು ‘ಯರ್ಹಮುಕಲ್ಲಾಹ್’ ಎನ್ನುತ್ತಾರೆ, ಸೀನಿದವರು ಅದಕ್ಕೆ ಮತ್ತೆ ಪ್ರತಿಹಾರೈಕೆ ಮಾಡುತ್ತಾರೆ. ಸೀನಿದವನು ದೇವರನ್ನು ಸ್ತುತಿಸದಿದ್ದರೆ ಕೇಳಿದವನಿಗೆ ಉತ್ತರದ ಹೊಣೆಯಿಲ್ಲ. ಮೇಲಿಂದ ಮೇಲೆ ಸೀನುವವನಿಗೂ ವಿನಾಯಿತಿಯುಂಟು, ಅವನಿಗೆ ನೆಗಡಿಯಾಗಿದೆ ಎಂದು ಹದೀಸ್ ಹೇಳುತ್ತದೆ. ಶಕುನ ನೋಡುವ ನಮ್ಮ ಹಳ್ಳಿಗರೂ ನೆಗಡಿಯ ಸೀನನ್ನು, ನಶ್ಯದ ಸೀನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿದ್ದರೆ ನಶ್ಯ ಏರಿಸುವ ಅಜ್ಜಂದಿರಿದ್ದ ಮನೆಗಳಿಂದ ಯಾರೂ ಹೊಸಿಲು ದಾಟುತ್ತಿರಲಿಲ್ಲ. ಯಾವ ಸೀನು ಮೈಯದು, ಯಾವುದಕ್ಕೆ ಮಾತಿನ ಸಾಲ ಬೀಳುತ್ತದೆ ಎಂಬ ವಿಂಗಡಣೆ ಪದ್ಧತಿಯನ್ನು ಪಾಲಿಸುವವರ ಕೈಯಲ್ಲೇ ಇತ್ತು. ನಂಬಿಕೆಯ ಕುರುಡುತನವನ್ನಷ್ಟೇ ಹುಡುಕುವ ಸಿದ್ಧಾಂತಕ್ಕೆ ಈ ವಿನಾಯಿತಿಗಳನ್ನು ವಿವರಿಸುವುದು ಕಷ್ಟ.