ಸಾಗಣೆ ಒತ್ತಡ (ದನಗಳಲ್ಲಿ)

ವಾಹನದಲ್ಲಿ ಸಾಗಿಸುವಾಗ ಹಸಿವು, ಬಾಯಾರಿಕೆ, ಇಕ್ಕಟ್ಟು, ಸೆಖೆ, ಕುಲುಕಾಟಗಳಿಂದ ದನಗಳ ದೇಹದಲ್ಲಿ ಉಂಟಾಗುವ ಏರುಪೇರು. ರಕ್ತದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚುತ್ತದೆ, ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಕರಗುತ್ತದೆ, ಮೈತೂಕ ಇಳಿಯುತ್ತದೆ. ತೂಕನಷ್ಟದಲ್ಲಿ ಮೊದಲ ಪಾಲು ಸಗಣಿ-ಗಂಜಲದ್ದು, ಪ್ರಯಾಣ ದೀರ್ಘವಾದರೆ ಅಂಗಾಂಶಗಳ ನೀರೂ ಸೇರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿ ಶ್ವಾಸಕೋಶದ ಸೋಂಕು, ಗಳಲೆ ರೋಗ ತಲೆದೋರಬಹುದು. ಮಾಂಸಕ್ಕಾಗಿ ದನ ಕೊಬ್ಬಿಸುವ ಅಮೆರಿಕದ ಫೀಡ್‌ಲಾಟ್‌ಗಳಲ್ಲಿ ಇದರ ಅಧ್ಯಯನ ಹೆಚ್ಚು: ಗ್ಲೈಕೋಜನ್ ಬರಿದಾದ ದನದ ಮಾಂಸ ಕಪ್ಪಾಗಿ ಬೆಲೆ ಕಳೆದುಕೊಳ್ಳುತ್ತದೆ. ಒತ್ತಡ ತಗ್ಗಿಸಲು ಅಲ್ಲಿ ಮೇವಿನೊಡನೆ ಯೀಸ್ಟ್, ಕ್ರೋಮಿಯಂ, ವಿಟಮಿನ್ ಇ, ನೀರಿನಲ್ಲಿ ಲವಣ ಕೊಡುವುದುಂಟು. ಫಲ ಎಲ್ಲೆಡೆ ಒಂದೇ ಅಲ್ಲ.

ಹಳೆ ಮೈಸೂರು ಭಾಗದಲ್ಲಿ ಈ ಒತ್ತಡ ಜಾತ್ರೆಗೆ ಬರುವ ಉಳುಮೆ ದನಗಳಿಗೂ ಸಂಬಂಧಿಸಿದ್ದು. ರಾಮನಗರ–ಚನ್ನಪಟ್ಟಣಗಳ ನಡುವೆ, ಬೆಂಗಳೂರು–ಮೈಸೂರು ರಸ್ತೆ ಬದಿಯ ಕೆಂಗಲ್ ಆಂಜನೇಯಸ್ವಾಮಿ ದೇವಾಲಯದ ಬಳಿ ಸಂಕ್ರಾಂತಿಯ ಆಸುಪಾಸಿನಲ್ಲಿ ನೆರೆಯುವ ದನಗಳ ಜಾತ್ರೆ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳಿಗೆ ಹೆಸರುವಾಸಿ. ದನಗಳನ್ನು ಸಾಗಿಸಲು ಭಾರತದ 1978ರ ಪ್ರಾಣಿ ಸಾಗಣೆ ನಿಯಮಗಳಂತೆ ಪಶುವೈದ್ಯರ ಪ್ರಮಾಣಪತ್ರ ಅಗತ್ಯ; ಸರಕು ವಾಹನವೊಂದರಲ್ಲಿ 6ಕ್ಕಿಂತ ಹೆಚ್ಚು ದನ ತುಂಬುವಂತಿಲ್ಲ. ಪ್ರಯಾಣದ ಉಪವಾಸದಿಂದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಕುಗ್ಗಿರುವುದರಿಂದ ಇಳಿಸಿದ ತಕ್ಷಣ ಜೋಳ, ರಾಗಿಯ ಹಿಟ್ಟು ಹೆಚ್ಚಾಗಿ ಕೊಟ್ಟರೆ ಹುಳಿಯೇರಿ ಅಜೀರ್ಣವಾಗುತ್ತದೆ. ನೀರು, ಒಣಹುಲ್ಲು ಮೊದಲು.